ಮಡಿಕೇರಿಯ ಹೊರವಲಯದಲ್ಲಿ ಮನೆ: ಮುಂಗಡಕ್ಕೆ ಮೊದಲು ಬರೆಯನ್ನೂ ವಂಶವೃಕ್ಷವನ್ನೂ ನೋಡಿ

ಪ್ರಶ್ನೆ: ನಾವು ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಶಿಕ್ಷಕ ದಂಪತಿ. ಮೂಲ ಊರು ಸೋಮವಾರಪೇಟೆಯ ಕಡೆ. ಪತ್ನಿಗೆ ಮಡಿಕೇರಿಗೆ ವರ್ಗವಾಗಿರುವುದರಿಂದ, ಇಬ್ಬರು ಶಾಲಾ ಮಕ್ಕಳು ಹಾಗೂ ಮಂಡಿನೋವಿರುವ 72 ವರ್ಷದ ತಾಯಿಯೊಂದಿಗೆ ಅಲ್ಲಿಯೇ ನೆಲೆಸಬೇಕೆಂದಿದ್ದೇವೆ. ಪಟ್ಟಣದಿಂದ ಆರು ಕಿಲೋಮೀಟರ್ ದೂರದಲ್ಲಿ, ಹದಿನೈದು ಸೆಂಟ್ ಜಾಗದಲ್ಲಿ 2012ರಲ್ಲಿ ಕಟ್ಟಿದ ಮನೆಯೊಂದನ್ನು ನೋಡಿದ್ದೇವೆ. ಸುತ್ತ ಕಾಫಿ ತೋಟ, ಸಿಲ್ವರ್ ಓಕ್ ಮರಗಳು, ಹಿಂದೆ ಬೆಟ್ಟ, ಮುಂದೆ ಕಣಿವೆ. ಬಹಳ ಪ್ರಶಾಂತವಾದ ಜಾಗ. 65 ಲಕ್ಷ ರೂಪಾಯಿ ಹೇಳುತ್ತಿದ್ದಾರೆ. ‘ಜಮ್ಮಾ ಜಾಗ, ಆದರೆ ಕನ್ವರ್ಷನ್ ಆಗಿದೆ, ದಾಖಲೆ ಎಲ್ಲ ಸರಿಯಿದೆ’ ಎನ್ನುತ್ತಾರೆ. ಏಪ್ರಿಲ್ ಒಳಗೆ ಐದು ಲಕ್ಷ ಮುಂಗಡ ಕೊಟ್ಟರೆ ಬೆಲೆಯಲ್ಲಿ ಮೂರು ಲಕ್ಷ ಬಿಡುತ್ತಾರಂತೆ. ಕೊಳ್ಳಬಹುದೇ?

ಉತ್ತರ: ಏಪ್ರಿಲ್ ಒಳಗೆ ಐದು ಲಕ್ಷ ಕೊಡಬೇಡಿ. ಆ ಮನೆಯೇ ಬೇಡವೆಂದು ನಾನು ಹೇಳುತ್ತಿಲ್ಲ; ಅದು ಒಳ್ಳೆಯ ಮನೆಯೇ ಇರಬಹುದು. ಆದರೆ ಕೊಡಗಿನಲ್ಲಿ ಮನೆ ಮಾರುವವರು ಡಿಸೆಂಬರಿನಿಂದ ಮೇ ತಿಂಗಳವರೆಗೆ ತೋರಿಸುವುದು ಒಂದು ಮನೆಯನ್ನು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಿನಲ್ಲಿ ಅಲ್ಲಿ ನಿಂತಿರುವುದು ಇನ್ನೊಂದು ಮನೆ. ನಿಮಗೆ ಬಿಡುತ್ತೇವೆ ಎನ್ನುತ್ತಿರುವ ಮೂರು ಲಕ್ಷವು, ನನ್ನ ಕಣ್ಣಿಗೆ, ಆ ಎರಡನೆಯ ಮನೆಯನ್ನು ನೋಡದೆ ಇರುವುದಕ್ಕೆ ನಿಮಗೆ ಕೊಡುತ್ತಿರುವ ಸಂಭಾವನೆಯಂತೆ ಕಾಣುತ್ತದೆ. ಮಾರುವವರು ಕೆಟ್ಟವರೆಂದಲ್ಲ, ಮಳೆಗಾಲಕ್ಕೆ ಮುಂಚೆ ವ್ಯವಹಾರ ಮುಗಿಯಲಿ ಎಂಬ ಆತುರ ಇಲ್ಲಿ ಎಲ್ಲರಿಗೂ ಇರುತ್ತದೆ.

ನಾನು ಬ್ಯಾಂಕುಗಳಿಗಾಗಿ ಆಸ್ತಿ ಮೌಲ್ಯಮಾಪನ ಮಾಡುವ ಸಿವಿಲ್ ಎಂಜಿನಿಯರ್. ನನ್ನಿಂದಲೇ ಆದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. 2017ರ ಮಾರ್ಚಿನಲ್ಲಿ ನಿಮ್ಮ ಪತ್ರದಲ್ಲಿರುವಂಥದ್ದೇ ಒಂದು ಮನೆಯನ್ನು ನೋಡಿ, ಹಿಂಬದಿಯ ತಡೆಗೋಡೆ ‘ಸದೃಢವಾಗಿದೆ’ ಎಂದು ವರದಿಯಲ್ಲಿ ಬರೆದೆ. ಗೋಡೆ ದಪ್ಪವಾಗಿತ್ತು, ನೇರವಾಗಿತ್ತು, ಹೊಸದಾಗಿ ಸುಣ್ಣ ಬಳಿದಿತ್ತು. ಅದರಲ್ಲಿ ನೀರು ಹೊರಬರಲು ಒಂದೇ ಒಂದು ರಂಧ್ರವಿಲ್ಲ ಎಂಬುದು ಒಣ ನೆಲದ ಮೇಲೆ ನಿಂತಿದ್ದ ನನಗೆ ಮುಖ್ಯವೆನಿಸಲಿಲ್ಲ. ಮರುವರ್ಷ ಆಗಸ್ಟಿನಲ್ಲಿ ಆ ಗೋಡೆ ಅಡುಗೆಮನೆಯೊಳಗೆ ಬಂದು ಬಿದ್ದಿತ್ತು. ಮನೆಯವರು ಹಿಂದಿನ ದಿನವೇ ನೆಂಟರ ಮನೆಗೆ ಹೋಗಿದ್ದರಿಂದ ಯಾರಿಗೂ ಅಪಾಯವಾಗಲಿಲ್ಲ.

2018ರ ಆಗಸ್ಟಿನ ಭೂಕುಸಿತಗಳು ಇಲ್ಲಿಯವರಿಗೆ ನೆನಪಿಸಬೇಕಾದ ಸಂಗತಿಯಲ್ಲ; ಆದರೆ ಮೈಸೂರಿನಲ್ಲಿರುವ ನೀವು ಅದನ್ನು ದೂರದ ಹಳ್ಳಿಗಳ ಕಥೆಯೆಂದು ಭಾವಿಸಬಾರದು. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಮೊಣ್ಣಂಗೇರಿಗಳಂತೆಯೇ ಮಡಿಕೇರಿ ಪಟ್ಟಣದೊಳಗಿನ ಇಂದಿರಾನಗರ, ಚಾಮುಂಡೇಶ್ವರಿ ನಗರಗಳಲ್ಲೂ ನೆಲ ಜಾರಿತು. ಅನಂತರ ಅಧ್ಯಯನ ನಡೆಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಅತಿವೃಷ್ಟಿಯ ಜೊತೆಗೆ, ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದಿದ್ದನ್ನೂ ಸಹಜ ನೀರಿನ ಹಾದಿಗಳನ್ನು ಮುಚ್ಚಿದ್ದನ್ನೂ ಕಾರಣವಾಗಿ ಹೇಳಿತು. ನಿಮಗೆ ಬೇಕಾದ ಮಾತು ಅದರಲ್ಲಿದೆ. ಮಳೆಯನ್ನು ನೀವು ಬದಲಿಸಲಾರಿರಿ. ಆದರೆ ನೀವು ಕೊಳ್ಳುವ ಹದಿನೈದು ಸೆಂಟಿನಲ್ಲಿ ಬೆಟ್ಟವನ್ನು ಎಷ್ಟು ಕಡಿದಿದ್ದಾರೆ, ನೀರಿನ ಹಾದಿಯನ್ನು ಎಲ್ಲಿ ಮುಚ್ಚಿದ್ದಾರೆ ಎಂಬುದನ್ನು ಒಂದು ಬೆಳಗಿನೊಳಗೆ ನೋಡಿ ತಿಳಿಯಬಹುದು.

ನಮ್ಮ ಕಡೆ ಹೀಗೆ ಕಡಿದ ಮಣ್ಣಿನ ಗೋಡೆಗೆ ‘ಬರೆ’ ಎನ್ನುತ್ತಾರೆ. ‘ಹಿಂದೆ ಬೆಟ್ಟ, ಮುಂದೆ ಕಣಿವೆ’ ಎಂದು ನೀವು ಬರೆದಿರುವುದರಿಂದ ನಿಮ್ಮ ಮನೆಯ ಹಿಂದೆಯೂ ಬರೆ ಇರಲೇಬೇಕು. ಇಳಿಜಾರಿನಲ್ಲಿ ಸಮತಟ್ಟು ಜಾಗ ತಾನಾಗಿ ಹುಟ್ಟುವುದಿಲ್ಲ. ಜೆಸಿಬಿಯಿಂದ ಹಿಂಬದಿಯನ್ನು ಕಡಿದು ಆ ಮಣ್ಣನ್ನೇ ಮುಂಬದಿಗೆ ತಳ್ಳಿ ಅಂಗಳ ಮಾಡುವುದು ಇಲ್ಲಿಯ ಸಾಮಾನ್ಯ ಪದ್ಧತಿ. ಅಂದರೆ ಮನೆಯ ಅರ್ಧ ಭಾಗ ಗಟ್ಟಿ ನೆಲದ ಮೇಲೂ ಉಳಿದರ್ಧ ತುಂಬಿಸಿದ ಮಣ್ಣಿನ ಮೇಲೂ ನಿಂತಿರುವ ಸಾಧ್ಯತೆ ಇದೆ. ಕಾರು ನಿಲ್ಲಿಸುವ ಜಾಗದ ಸಿಮೆಂಟ್ ನೆಲವನ್ನೂ, ಮನೆಯ ಮುಂಗೋಡೆ ಪಕ್ಕದ ಗೋಡೆಗಳನ್ನು ಸೇರುವ ಮೂಲೆಗಳನ್ನೂ ನೋಡಿ: ಬಿರುಕು ಓರೆಯಾಗಿ ಮೆಟ್ಟಿಲಿನಂತೆ ಏರಿದ್ದರೆ, ಅಥವಾ ಬಿರುಕಿಗೆ ಹೊಸದಾಗಿ ಸಿಮೆಂಟ್ ಮೆತ್ತಿದ್ದರೆ, ಮುಂಭಾಗ ಕುಸಿಯುತ್ತಿದೆ ಎಂದು ತಿಳಿಯಿರಿ. ಬಾಗಿಲು ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿ ತೆರೆಯಿರಿ. ಮರ ಮಳೆಗಾಲದಲ್ಲಿ ಉಬ್ಬುವುದು ಸಹಜ. ಆದರೆ ಮಾರ್ಚಿನ ಬಿಸಿಲಿನಲ್ಲೂ ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬಾಗಿಲು ಬೇರೇನನ್ನೋ ಹೇಳುತ್ತಿರುತ್ತದೆ.

ಹಿಂಬದಿಯ ಬರೆಯ ಎತ್ತರವನ್ನು ಅಳೆಯಿರಿ, ಅದರ ಬುಡದಿಂದ ಮನೆಯ ಗೋಡೆಗೆ ಎಷ್ಟು ದೂರವಿದೆ ಎಂದೂ ಅಳೆಯಿರಿ. ದೂರವು ಎತ್ತರಕ್ಕಿಂತ ಕಡಿಮೆ ಇದ್ದರೆ ನಾನು ಮಕ್ಕಳ ಮಲಗುವ ಕೋಣೆಯನ್ನು ಆ ಕಡೆ ಇಡಲು ಒಪ್ಪುವುದಿಲ್ಲ. ಇದು ಶಾಸ್ತ್ರದ ಸೂತ್ರವಲ್ಲ, ನನ್ನ ಕೈಲೆಕ್ಕ. ತಡೆಗೋಡೆ ಇದ್ದರೆ ಅದರಲ್ಲಿ ಸಾಲಾಗಿ ರಂಧ್ರಗಳಿವೆಯೇ, ಅವುಗಳಿಂದ ನೀರು ಹರಿದ ಕಲೆಯಿದೆಯೇ ಎಂದು ನೋಡಿ. ಕಲೆ ಇದ್ದರೆ ಸಂತೋಷಪಡಿ, ಗೋಡೆ ಕೆಲಸ ಮಾಡುತ್ತಿದೆ ಎಂದರ್ಥ. ಮೂರು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ಹೊರಹೋಗಲಾರದೆ ಪೂರ್ತಿ ತುಂಬಿಕೊಂಡರೆ, ಗೋಡೆಯ ಪ್ರತಿ ಮೀಟರ್ ಉದ್ದವನ್ನು ನೀರೊಂದೇ ಸುಮಾರು ನಾಲ್ಕೂವರೆ ಟನ್ ಬಲದಿಂದ ತಳ್ಳುತ್ತದೆ. ಮಣ್ಣಿನ ಭಾರ ಅದಕ್ಕೆ ಹೊರತು. ನನ್ನ 2017ರ ಗೋಡೆ ಬಿದ್ದದ್ದು ಹೀಗೆ.

ಬರೆಯ ಮೇಲೆ ಹತ್ತಿ ನೋಡದೆ ವಾಪಸಾಗಬೇಡಿ. ಕೊಳ್ಳುವವರಲ್ಲಿ ಹೆಚ್ಚಿನವರು ಬಾಲ್ಕನಿಯಲ್ಲಿ ನಿಂತು ಕಣಿವೆಯ ಮಂಜನ್ನು ನೋಡುತ್ತಾರೆ, ಬೆನ್ನ ಹಿಂದಿನದನ್ನು ನೋಡುವುದಿಲ್ಲ. ಮೇಲಿನ ತೋಟದಲ್ಲಿ ನೆಲ ಬಿಲ್ಲಿನಾಕಾರದಲ್ಲಿ ಸೀಳಿದೆಯೇ, ಮರಗಳ ಬುಡ ಬಾಗಿ ತುದಿ ಮಾತ್ರ ನೆಟ್ಟಗೆ ಬೆಳೆದಿದೆಯೇ, ವಿದ್ಯುತ್ ಕಂಬ ಇಳಿಜಾರಿನ ಕಡೆಗೆ ವಾಲಿದೆಯೇ ಎಂದು ಗಮನಿಸಿ. ಮೇಲಿನವರು ಹೋಂಸ್ಟೇ ಕಟ್ಟಿದ್ದಾರೆಯೇ, ಅವರ ಶೌಚದ ಇಂಗುಗುಂಡಿ ನಿಮ್ಮ ಬರೆಯ ನೆತ್ತಿಯ ಮೇಲಿದೆಯೇ ಎಂದೂ ವಿಚಾರಿಸಿ. ಮೈಸೂರಿನಲ್ಲಿ ಮಳೆನೀರು ಇಂಗಿಸುವುದು ಪುಣ್ಯದ ಕೆಲಸ; ಇಲ್ಲಿ ಇಳಿಜಾರಿನ ತಲೆಯ ಮೇಲೆ ಇಂಗುಗುಂಡಿ ತೋಡುವುದೆಂದರೆ ಕೆಳಗಿನ ಮನೆಯ ಬುಡಕ್ಕೆ ನೀರು ಕಳಿಸುವುದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಒಂದೂವರೆ ಸಾವಿರ ಚದರಡಿ ಮಾಡಿನ ಮೇಲೆಯೇ ನಾಲ್ಕು ಲಕ್ಷ ಲೀಟರಿಗೂ ಮಿಕ್ಕಿದ ನೀರು ಇಳಿಯುತ್ತದೆ. ಅದೆಲ್ಲ ಯಾವ ಚರಂಡಿಯಲ್ಲಿ ಎಲ್ಲಿಗೆ ಹೋಗುತ್ತದೆ, ಕೊನೆಗೆ ಯಾವ ತೋಡನ್ನು ಸೇರುತ್ತದೆ ಎಂದು ಮಾರುವವರನ್ನು ಕೇಳಿ, ಆ ಹಾದಿಯನ್ನು ಕಾಲಿನಿಂದಲೇ ನಡೆದು ನೋಡಿ. ಹಾದಿ ನಡುವೆ ಎಲ್ಲಾದರೂ ಮಾಯವಾದರೆ ಅಲ್ಲಿ ಯಾರೋ ಅದನ್ನು ಮುಚ್ಚಿದ್ದಾರೆ.

ಇಷ್ಟು ಹೇಳಿದ ಮೇಲೂ, ನಿಜವಾದ ಪರೀಕ್ಷೆ ಮಳೆಯಲ್ಲಿಯೇ. ಒಂದು ವಾರ ಬಿಡದೆ ಸುರಿದ ಮೇಲೆ ಒಮ್ಮೆ ಬನ್ನಿ. ಬರೆಯಿಂದ ಒರತೆ ಒಡೆದಿದ್ದರೆ ಅದರ ನೀರು ತಿಳಿಯಾಗಿದೆಯೋ ಕೆಸರಾಗಿದೆಯೋ ನೋಡಿ. ತಿಳಿನೀರಾದರೆ ಚರಂಡಿ ಮಾಡಿ ಬದುಕಬಹುದು, ಕೆಂಪು ನೀರಾದರೆ ಒಳಗಿನ ಮಣ್ಣೇ ಹೊರಟಿದೆ. ಮಾರುವವರು ಅಲ್ಲಿಯವರೆಗೆ ಕಾಯಲು ಒಪ್ಪದಿದ್ದರೆ, ಐದು ಲಕ್ಷದ ಬದಲು ಸಣ್ಣ ಮೊತ್ತದ ಮುಂಗಡಕ್ಕೆ ಕ್ರಯದ ಕರಾರು ಮಾಡಿಕೊಳ್ಳಿ. ಜುಲೈ ಕೊನೆಯೊಳಗೆ ಸ್ಥಳಪರಿಶೀಲನೆಯಲ್ಲಾಗಲಿ ದಾಖಲೆಗಳಲ್ಲಾಗಲಿ ದೋಷ ಕಂಡರೆ ಮುಂಗಡ ಪೂರ್ತಿಯಾಗಿ ಹಿಂದಿರುಗಬೇಕೆಂದು ಅದರಲ್ಲಿ ಬರೆಸಿ. ಇದಕ್ಕೆ ಒಪ್ಪದ ಮಾರಾಟಗಾರರು ಆ ಮೂಲಕವೇ ನಿಮಗೆ ಉತ್ತರ ಕೊಟ್ಟಂತಾಯಿತು.

ಇನ್ನು ಕಾಗದಪತ್ರ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೆಟ್ಟವಲ್ಲ, ‘ಜಮ್ಮಾ ಜಾಗ, ಆದರೆ’ ಎಂಬ ಮಾತಿನ ‘ಆದರೆ’. ಸೋಮವಾರಪೇಟೆಯ ಕಡೆಯವರಾದ ನಿಮಗೆ ಈ ಶಬ್ದ ಹೊಸದಲ್ಲ. ಆದರೂ ಅದರ ಹಿಂದಿರುವುದನ್ನು ವಿವರಿಸಬೇಕು. ಜಮ್ಮಾ ಎಂಬುದು ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಿಂದ ಬಂದ ವಂಶಪಾರಂಪರ್ಯ ಹಿಡುವಳಿ. ಕೊಡಗಿನ ಮುಖ್ಯ ಕಂದಾಯ ಕಾನೂನಾಗಿದ್ದ 1899ರ ನಿಬಂಧನೆಯಲ್ಲೂ ಅದಕ್ಕೆ ವಿಶೇಷ ಸ್ಥಾನವಿತ್ತು. ಗದ್ದೆಯ ಜೊತೆಗೆ ಸೊಪ್ಪು, ಸೌದೆ, ಮೇವು, ಮನೆಗೆ ಬೇಕಾದ ಮರ ಇವುಗಳಿಗಾಗಿ ಕಂದಾಯವಿಲ್ಲದೆ ಬಿಟ್ಟುಕೊಟ್ಟ ಕಾಡುಜಾಗವೇ ಬಾಣೆ. ಅದರ ಮೇಲಿನ ಸವಲತ್ತುಗಳನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ ಉಳಿಸಿತು. ಆದರೆ ಸವಲತ್ತು ಬೇರೆ, ಪೂರ್ಣ ಮಾಲೀಕತ್ವ ಬೇರೆ. ಈ ವ್ಯತ್ಯಾಸದ ಮೇಲೆ ದಶಕಗಳ ಕಾಲ ವ್ಯಾಜ್ಯಗಳು ನಡೆದಿವೆ. ಆದ್ದರಿಂದ ನಿಮ್ಮ ಹದಿನೈದು ಸೆಂಟ್ ಮೂಲದಲ್ಲಿ ಜಮ್ಮಾ ಗದ್ದೆಯೋ, ಜಮ್ಮಾ ಬಾಣೆಯೋ, ಪೂರ್ತಿ ಕಂದಾಯ ಕಟ್ಟುವ ಸಾಗು ಜಮೀನೋ, ಅಥವಾ ಅಕ್ಕಪಕ್ಕದ ಪೈಸಾರಿಯಿಂದ ಒಳಸೇರಿಸಿಕೊಂಡದ್ದೋ ಎಂಬುದು ಮೊದಲು ಇತ್ಯರ್ಥವಾಗಬೇಕು. ಪೈಸಾರಿ ಎಂದರೆ ಸರ್ಕಾರಿ ಜಾಗ. ಅದರ ಮೇಲೆ ಎಷ್ಟು ಚೆಂದದ ಮನೆ ಇದ್ದರೂ ನೀವು ಕೊಳ್ಳುವುದು ಇಟ್ಟಿಗೆಯನ್ನು ಮಾತ್ರ.

ಪಹಣಿ ತೆಗೆಸಿ ಒಂಬತ್ತನೇ ಕಾಲಂ ನೋಡಿ. ಜಮ್ಮಾ ಜಮೀನಿನಲ್ಲಿ ಅಲ್ಲಿ ಸಾಮಾನ್ಯವಾಗಿ ಪಟ್ಟೇದಾರರ, ಅಂದರೆ ಕುಟುಂಬದ ಪರವಾಗಿ ಪಟ್ಟೆ ಹೊಂದಿದ ಹಿರಿಯರ, ಹೆಸರಿರುತ್ತದೆ, ಆ ಪಟ್ಟೇದಾರರು ಎಷ್ಟೋ ಕಡೆ ತೀರಿಹೋಗಿ ಒಂದೆರಡು ತಲೆಮಾರೇ ಕಳೆದಿರುತ್ತದೆ. ನಿಮಗೆ ಮಾರುತ್ತಿರುವವರು ಆ ಒಕ್ಕದಲ್ಲಿ (ಮನೆತನದಲ್ಲಿ) ಯಾರು, ಅವರಿಗೆ ಈ ಭಾಗ ಯಾವ ವಿಭಾಗಪತ್ರದಿಂದ ಬಂತು, ಆ ಪತ್ರ ನೋಂದಣಿಯಾಗಿದೆಯೇ, ವಿಭಾಗದಲ್ಲಿ ಹೆಣ್ಣುಮಕ್ಕಳ ಸಹಿ ಇದೆಯೇ ಎಂಬುದನ್ನು ವಂಶವೃಕ್ಷ ಎದುರಿಗಿಟ್ಟುಕೊಂಡು ಹೋಲಿಸಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಾದ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ. ಆ ಹಕ್ಕಿಗೆ ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ‘ತಂಗಿ ಬೆಂಗಳೂರಿನಲ್ಲಿದ್ದಾಳೆ, ಅವಳದ್ದೇನೂ ತಕರಾರಿಲ್ಲ’ ಎಂಬ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ತಕರಾರಿಲ್ಲದವರು ಕ್ರಯಪತ್ರಕ್ಕೆ ಸಹಿ ಹಾಕಲು ಒಂದು ದಿನ ಬಂದು ಹೋಗಲಿ. ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ 1978ರ ಪರಭಾರೆ ನಿಷೇಧ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಎಷ್ಟು ಕೈ ಬದಲಾಗಿದ್ದರೂ ನಿಲ್ಲುವುದಿಲ್ಲ.

‘ಕನ್ವರ್ಷನ್ ಆಗಿದೆ’ ಎಂದರೆ ಸಾಲದು, ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸಿದ ಆದೇಶದ ಪ್ರತಿ ಕೈಗೆ ಬರಬೇಕು. ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಅಡಿಯ ಆ ಆದೇಶದಲ್ಲಿರುವ ಸರ್ವೆ ನಂಬರು, ವಿಸ್ತೀರ್ಣ ಮತ್ತು ಉದ್ದೇಶ ಈ ಮೂರನ್ನೂ ನೆಲದ ಮೇಲಿನ ಸ್ಥಿತಿಯೊಂದಿಗೆ ತಾಳೆ ನೋಡಿ. ಹತ್ತು ಸೆಂಟಿಗೆ ಪರಿವರ್ತನೆ ಪಡೆದು ಹದಿನೈದು ಸೆಂಟಿಗೆ ಬೇಲಿ ಹಾಕಿರುವುದು ಅಪರೂಪವಲ್ಲ. ಮನೆ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇರಬೇಕು. ಕ್ರಮಬದ್ಧವಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿ ‘ಎರಡೂ ಒಂದೇ’ ಎಂದರೆ ನಂಬಬೇಡಿ, ಸಾಲ ಕೇಳಲು ಹೋದಾಗ ಬ್ಯಾಂಕು ಅವೆರಡರ ನಡುವಿನ ಅಂತರವನ್ನು ನಿಮಗೆ ತಿಳಿಸುತ್ತದೆ. ಸರ್ವೆ ಇಲಾಖೆಗೆ ಅರ್ಜಿ ಹಾಕಿ ಹದ್ದುಬಸ್ತು (ಗಡಿ ಅಳತೆ) ಮಾಡಿಸಿ, ಕನಿಷ್ಠ ಮೂವತ್ತು ವರ್ಷಗಳ ಋಣಭಾರ ಪ್ರಮಾಣಪತ್ರ ತೆಗೆಸಿ, ಮೂಲಪತ್ರಗಳನ್ನು ಕೊಡಗಿನ ಹಿಡುವಳಿಗಳನ್ನು ಬಲ್ಲ ವಕೀಲರಿಗೆ ತೋರಿಸಿ. ಮೈಸೂರಿನ ವಕೀಲರು ಎಷ್ಟೇ ಸಮರ್ಥರಾಗಿದ್ದರೂ ಜಮ್ಮಾ ಎಂಬಲ್ಲಿ ತಡವರಿಸುವುದನ್ನು ಕಂಡಿದ್ದೇನೆ. ಇಲ್ಲಿಯ ನ್ಯಾಯಾಲಯಗಳಲ್ಲಿ ಕೆಲಸ ಮಾಡುವವರನ್ನೇ ಹಿಡಿಯಿರಿ.

ನೀವು ಬರೆಯದೆ ಬಿಟ್ಟ ವಿಷಯವೊಂದಿದೆ: ದಾರಿ. ಸುತ್ತ ಕಾಫಿ ತೋಟ ಎಂದ ಮೇಲೆ ಮುಖ್ಯರಸ್ತೆಯಿಂದ ಮನೆಗೆ ಬರುವ ದಾರಿ ಯಾರ ತೋಟದ ಮೂಲಕ ಬರುತ್ತದೆ? ಮಾರುವವರೂ ತೋಟದವರೂ ಅಣ್ಣತಮ್ಮಂದಿರಾಗಿರುವವರೆಗೆ ಗೇಟು ತೆರೆದೇ ಇರುತ್ತದೆ. ನೀವು ಹೊರಗಿನವರು ಬಂದ ಮೇಲೆ ಅದೇ ಗೇಟಿಗೆ ಬೀಗ ಬೀಳಬಹುದು. 1882ರ ಈಸ್‌ಮೆಂಟ್ (ಅನುಭೋಗ ಹಕ್ಕು) ಕಾಯ್ದೆಯ ಪ್ರಕಾರ ಬಳಕೆಯಿಂದ ದಾರಿಯ ಹಕ್ಕು ಹುಟ್ಟಬೇಕಾದರೆ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ, ಹಕ್ಕೆಂದೇ ಬಳಸಿರಬೇಕು. 2012ರಲ್ಲಿ ಕಟ್ಟಿದ ಮನೆಗೆ ಅಷ್ಟು ಕಾಲವೇ ಆಗಿಲ್ಲ. ಹಾಗಾಗಿ ದಾರಿಯ ಅಗಲ ಮತ್ತು ಹಕ್ಕು ಕ್ರಯಪತ್ರದ ಷೆಡ್ಯೂಲಿನಲ್ಲಿ ಬರಬೇಕು, ತೋಟದ ಮಾಲೀಕರೂ ಅದಕ್ಕೆ ಸಹಿ ಹಾಕಬೇಕು.

ಹಣದ ಲೆಕ್ಕ ಸರಳ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಅಧಿಭಾರ, 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ ಇವೆಲ್ಲ ಸೇರಿ ಗ್ರಾಮೀಣ ಪ್ರದೇಶದಲ್ಲಿ ಶೇ. 7.65 ಆಗುತ್ತದೆ, 65 ಲಕ್ಷಕ್ಕೆ ಸುಮಾರು 4.97 ಲಕ್ಷ ರೂಪಾಯಿ. ಬೆಲೆ 50 ಲಕ್ಷಕ್ಕಿಂತ ಹೆಚ್ಚಿರುವುದರಿಂದ ಶೇ. 1ರಷ್ಟು ತೆರಿಗೆಯನ್ನು ಮಾರುವವರಿಗೆ ಕೊಡುವ ಹಣದಿಂದ ನೀವೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. 40 ಲಕ್ಷ ಸಾಲವನ್ನು ಶೇ. 8.5ರ ಬಡ್ಡಿಗೆ ಇಪ್ಪತ್ತು ವರ್ಷಕ್ಕೆ ಪಡೆದರೆ ತಿಂಗಳ ಕಂತು 34,700 ರೂಪಾಯಿಯ ಆಸುಪಾಸು. ಇದರ ಮೇಲೆ, ಬರೆಗೆ ಹೊಸ ತಡೆಗೋಡೆಯೋ ಚರಂಡಿಯೋ ಬೇಕಾದರೆ ಅದರ ಅಂದಾಜು ಪಟ್ಟಿಯನ್ನು ಮೊದಲೇ ಮಾಡಿಸಿ ಬೆಲೆಯಿಂದ ಕಳೆಯಲು ಕೇಳಿ. ಏಪ್ರಿಲಿನ ಮೂರು ಲಕ್ಷಕ್ಕಿಂತ ಇದು ನ್ಯಾಯವಾದ ಚೌಕಾಸಿ.

ಮರಗಳ ನೆರಳು ನಿಮ್ಮನ್ನು ಸೆಳೆದಿದೆ, ಅದು ಸಹಜವೇ. ಆದರೆ ಸಿಲ್ವರ್ ಮರದ ಕೊಂಬೆ ಗಾಳಿಗೆ ಸುಲಭವಾಗಿ ಮುರಿಯುತ್ತದೆ. ಮಾಡಿನ ಮೇಲೆ ಬೀಳುವಷ್ಟು ಹತ್ತಿರವಿರುವ ಮರ ನಿಮ್ಮ ಜಾಗದಲ್ಲಿದೆಯೋ ಪಕ್ಕದ ತೋಟದಲ್ಲಿದೆಯೋ ತಿಳಿದುಕೊಳ್ಳಿ. ನಿಮ್ಮದೇ ಜಾಗದ ಬೀಟೆ, ತೇಗದಂಥ ಮರವನ್ನೂ ನಿಮ್ಮ ಇಷ್ಟದಂತೆ ಕಡಿಯುವಂತಿಲ್ಲ. ಜಾಗ ‘ಅನ್‌ರಿಡೀಮ್ಡ್’ ಆಗಿದ್ದರೆ, ಅಂದರೆ ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದೆ ಇದ್ದರೆ, ಮರದ ಮೌಲ್ಯ ಸರ್ಕಾರಕ್ಕೆ ಸೇರಿದ್ದು, ಅದೂ ದಾಖಲೆಯಲ್ಲಿ ಗೊತ್ತಾಗುತ್ತದೆ. ಸಿದ್ದಾಪುರ, ಮಾಲ್ದಾರೆ ಕಡೆಯಂತೆ ಕಾಡಾನೆ ತೋಟದೊಳಗೆ ಓಡಾಡುವ ಜಾಗವಲ್ಲ ನಿಮ್ಮದು ಎಂದುಕೊಳ್ಳುತ್ತೇನೆ; ಆದರೂ ಮಕ್ಕಳು ಶಾಲಾ ವಾಹನಕ್ಕಾಗಿ ಬೆಳಿಗ್ಗೆ ನಡೆಯುವ ಹಾದಿಯ ಬಗ್ಗೆ ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರನ್ನು ಒಮ್ಮೆ ಕೇಳಿ. ದಲ್ಲಾಳಿಗಿಂತ ಅವರು ನಿಜ ಹೇಳುತ್ತಾರೆ. ನೀರು ಬೇಸಿಗೆಯಲ್ಲಿ ಎಲ್ಲಿಂದ, ಕರೆಂಟು ಮಳೆಗಾಲದಲ್ಲಿ ಎಷ್ಟು ದಿನ ಇರುವುದಿಲ್ಲ ಎಂಬುದನ್ನೂ ಅವರೇ ಹೇಳಬಲ್ಲರು.

‘ಹಾಗಾದರೆ ಕುಶಾಲನಗರವೇ ವಾಸಿಯಲ್ಲವೇ, ಸಮತಟ್ಟು, ಮಳೆಯೂ ಕಡಿಮೆ’ ಎಂದು ನೀವು ಕೇಳಬಹುದು. ಮಳೆ ಅಲ್ಲಿ ಮಡಿಕೇರಿಯ ಅರ್ಧಕ್ಕಿಂತ ಕಡಿಮೆ ಎಂಬುದು ನಿಜ. ಆದರೆ ಮೇಲೆ ಬಿದ್ದ ಮಳೆಯೇ ಕಾವೇರಿಯಾಗಿ, ಹಾರಂಗಿಯಾಗಿ ಅಲ್ಲಿಗೆ ಬರುತ್ತದೆ. 2018 ಮತ್ತು 2019ರಲ್ಲಿ ನದಿಗೆ ಹತ್ತಿರದ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತ್ತು. ಅಲ್ಲಿ ಮನೆ ನೋಡುವುದಾದರೆ ಆ ಎರಡು ವರ್ಷಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅದೇ ಬೀದಿಯ ಮೂರು ಮನೆಗಳಲ್ಲಿ ಕೇಳಿ. ದಿನವೂ ಮಡಿಕೇರಿಗೆ ಹೋಗಿಬರಲು ಒಂದು ಕಡೆಗೇ ಸುಮಾರು ಮೂವತ್ತು ಕಿಲೋಮೀಟರ್ ಆಗುವ ಘಟ್ಟದ ದಾರಿಯನ್ನೂ ನಿಮ್ಮ ಪತ್ನಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಕೊನೆಯದಾಗಿ ನಿಮ್ಮ ತಾಯಿಯವರ ವಿಷಯ. ಇಳಿಜಾರಿನ ಮನೆಗಳಲ್ಲಿ ಕಾರು ನಿಲ್ಲುವ ಜಾಗದಿಂದ ಬಾಗಿಲಿಗೆ ಮೆಟ್ಟಿಲುಗಳಿರುತ್ತವೆ. ಕಕ್ಕಡದಲ್ಲಿ ಅವು ಪಾಚಿಗಟ್ಟಿ ಜಾರುತ್ತವೆ, ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ, ಗೋಡೆ ಬೂಷ್ಟು ಹಿಡಿಯುತ್ತದೆ. ಮಂಡಿನೋವಿನವರಿಗೆ ಈ ತೇವ ಮೈಸೂರಿನ ಚಳಿಯಂಥದ್ದಲ್ಲ. ಜುಲೈಯಲ್ಲಿ ಮನೆ ನೋಡಲು ಬರುವಾಗ ಅವರನ್ನೂ ಕರೆತನ್ನಿ, ಆ ರಾತ್ರಿ ಮಡಿಕೇರಿಯಲ್ಲೇ ಎಲ್ಲಾದರೂ ಉಳಿದುಕೊಳ್ಳಿ, ಮರುದಿನ ಬೆಳಿಗ್ಗೆ ಆ ಮೆಟ್ಟಿಲುಗಳನ್ನು ಅವರೇ ಹತ್ತಿ ನೋಡಲಿ. ಅಷ್ಟರೊಳಗೆ ಬರೆಯ ಎತ್ತರ, ಮನೆಗೆ ಅದರ ದೂರ, ಪಹಣಿ ಮತ್ತು ಪರಿವರ್ತನೆ ಆದೇಶದ ಪ್ರತಿಗಳನ್ನು ಕಳಿಸಿದರೆ, ಈ ಮನೆಯ ಬಗ್ಗೆ ಇದಕ್ಕಿಂತ ಖಚಿತವಾದ ಅಭಿಪ್ರಾಯ ಬರೆಯುತ್ತೇನೆ.